ಕ್ಯಾನ್ಸರ್ ಪತ್ತೆ ತಡವಾದಾಗ ದೂರು ಕೊಡಬೇಕೇ: ಧಾರವಾಡದ ಒಂದು ವಕೀಲರ ಕಚೇರಿಯ ಕಡತ ಪರಿಶೀಲನೆ ಸೇವೆ

ಧಾರವಾಡದಲ್ಲಿ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ಒಂದು ವಕೀಲರ ಕಚೇರಿ ಇದೆ. ದೂರು ದಾಖಲಿಸುವುದಕ್ಕೂ ಮೊದಲು ಆಸ್ಪತ್ರೆಯ ಕಾಗದಪತ್ರಗಳನ್ನೆಲ್ಲ ತರಿಸಿ ಓದಿ, ತಜ್ಞ ವೈದ್ಯರ ಅಭಿಪ್ರಾಯವನ್ನೂ ಪಡೆದು, ಹೋರಾಡುವಷ್ಟು ಹುರುಳು ಅದರಲ್ಲಿದೆಯೇ ಇಲ್ಲವೇ ಎಂದು ಬರೆದು ಕೊಡುವುದನ್ನು ಅವರು ಒಂದು ಪ್ರತ್ಯೇಕ ಸೇವೆಯಾಗಿಯೇ ನಡೆಸುತ್ತಾರೆ. ನನ್ನ ಅಕ್ಕನ ಸ್ತನ ಕ್ಯಾನ್ಸರ್ ಹತ್ತು ತಿಂಗಳು ತಡವಾಗಿ ಪತ್ತೆಯಾದ ವಿಷಯದಲ್ಲಿ ನಾವು 2024ರ ಅಕ್ಟೋಬರಿನಲ್ಲಿ ಈ ಸೇವೆಯನ್ನು ಪಡೆದೆವು. ಕಚೇರಿಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ವಕೀಲರು ಪ್ರಚಾರ ಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸುತ್ತವೆ. ಆದ್ದರಿಂದ ಹೊಗಳಿ ಬರೆದರೂ ತೆಗಳಿ ಬರೆದರೂ ಹೆಸರು ಬೇಡವೆಂದು ಅವರು ಮೊದಲೇ ಕೇಳಿಕೊಂಡಿದ್ದರು. ಹೆಸರಿಲ್ಲದಿದ್ದರೂ ಈ ವಿವರಗಳಿಂದ ಉಪಯೋಗವಿದೆ ಎಂದು ನಂಬಿದ್ದೇನೆ, ಏಕೆಂದರೆ ಇಂಥ ಸೇವೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಅಕ್ಕನಿಗೆ ಈಗ ನಲವತ್ತೆಂಟು ವರ್ಷ. ಗದಗಿನಲ್ಲಿ ಸ್ವಂತದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. 2023ರ ಮಾರ್ಚಿನಲ್ಲಿ ಬಲ ಎದೆಯಲ್ಲಿ ಗಂಟೊಂದು ಕೈಗೆ ಹತ್ತಿದಾಗ ನಮ್ಮ ಓಣಿಯ ಹಳೆಯ ವೈದ್ಯರ ಬಳಿ ಹೋದಳು. ಅವರು ಕೊಬ್ಬಿನ ಗಂಟು ಇರಬಹುದು, ಹೆದರಬೇಡ ಎಂದು ಹೇಳಿ, ಪಕ್ಕದ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದರು. ಅಲ್ಲಿ ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ಎರಡೂ ಆದವು. ಅದೇ ಸಂಜೆ ಅಲ್ಲಿನ ವೈದ್ಯರು ಫಿಲ್ಮನ್ನು ದೀಪದ ಎದುರು ಹಿಡಿದು ನೋಡಿ, ಏನೂ ತೊಂದರೆಯಿಲ್ಲ, ಒಂದು ವರ್ಷ ಬಿಟ್ಟು ಬನ್ನಿ ಎಂದು ಚೀಟಿಯಲ್ಲಿ ಬರೆದು ಕಳಿಸಿಬಿಟ್ಟರು. ಡಿಸೆಂಬರಿನ ಹೊತ್ತಿಗೆ ಗಂಟಿನ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. 2024ರ ಜನವರಿಯಲ್ಲಿ ಬೇರೊಂದು ಕಡೆ ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು, ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಲ್ಲಿ ನಡೆಯಿತು: ಮೊದಲು ಕಿಮೊ, ಜುಲೈನಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ರೇಡಿಯೇಶನ್.

ಕಿಮೊ ನಡೆಯುತ್ತಿದ್ದಾಗಲೇ ನಾನೊಬ್ಬಳೇ ಬೇರೊಬ್ಬ ವಕೀಲರನ್ನು ಕಂಡು ಬಂದಿದ್ದೆ. ಅವರು ಕಾಗದಗಳನ್ನು ತೆರೆಯಲೂ ಇಲ್ಲ. ಒಂದು ಕೋಟಿ ಕೇಳೋಣ, ಬಂದದ್ದರಲ್ಲಿ ಮೂರರಲ್ಲೊಂದು ಪಾಲು ನನಗೆ ಎಂದರು. ಆಗ ನನ್ನಲ್ಲಿದ್ದ ಸಿಟ್ಟಿಗೆ ಆ ಮಾತು ಬಹಳ ಹಿತವಾಗಿ ಕೇಳಿಸಿತು. ಗೆದ್ದ ಹಣದಲ್ಲಿ ಪಾಲು ಪಡೆಯುವ ಒಪ್ಪಂದವನ್ನು ನಮ್ಮ ದೇಶದಲ್ಲಿ ವಕೀಲರು ಮಾಡಿಕೊಳ್ಳುವಂತಿಲ್ಲ, ಅದು ವೃತ್ತಿನಿಯಮಕ್ಕೆ ವಿರುದ್ಧ ಎಂಬುದು ಧಾರವಾಡದ ಕಚೇರಿಯಲ್ಲಿ ಕುಳಿತ ಮೇಲೆ ನನಗೆ ತಿಳಿಯಿತು. ಇವರ ದರ ಹೀಗಿತ್ತು: ಮೊದಲ ಭೇಟಿಗೆ 1,500 ರೂಪಾಯಿ, ಕಡತ ಪರಿಶೀಲನೆಗೆ ತಜ್ಞರ ಶುಲ್ಕವೂ ಸೇರಿ 18,000 ರೂಪಾಯಿ, ಎರಡಕ್ಕೂ ರಸೀದಿ. ಪರಿಶೀಲನೆ ಮುಗಿದ ಮೇಲೆ ಪ್ರಕರಣವನ್ನು ಇವರಿಗೇ ಕೊಡಬೇಕೆಂಬ ಕಟ್ಟುಪಾಡು ಇರಲಿಲ್ಲ. ವರದಿಯನ್ನು ತೆಗೆದುಕೊಂಡು ಯಾವ ವಕೀಲರ ಬಳಿಗಾದರೂ ಹೋಗಬಹುದಿತ್ತು. ಇದನ್ನು ಅವರು ಒಪ್ಪಂದದ ಕಾಗದದಲ್ಲಿಯೇ ಬರೆದಿದ್ದರು. ಇನ್ನೊಂದು ಮಾತನ್ನೂ ಹೇಳಿದರು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಿನಲ್ಲಿ ತೀರ್ಪು ಕೊಟ್ಟಿದೆ, ಹಾಗಾಗಿ ನನ್ನ ಕೆಲಸದಲ್ಲಿ ಲೋಪವಾದರೆ ನೀವು ಗ್ರಾಹಕ ಆಯೋಗಕ್ಕೆ ಹೋಗಲಾಗದು, ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕಾಗುತ್ತದೆ, ಆದ್ದರಿಂದ ಈ ಕಾಗದವನ್ನು ಸರಿಯಾಗಿ ಓದಿ ಸಹಿ ಮಾಡಿ ಎಂದರು. ತನ್ನ ವಿರುದ್ಧದ ದಾರಿಯನ್ನು ತಾನೇ ತೋರಿಸಿಕೊಟ್ಟವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಹೊತ್ತಿನಲ್ಲಿ.

ಅವರು ಮಾಡಿದ ಮೊದಲ ಕೆಲಸ ಆಸ್ಪತ್ರೆಗೆ ದಾಖಲೆ ಕೇಳಿ ಪತ್ರ ಬರೆಸಿದ್ದು. ರೋಗಿಯಾಗಲಿ ಆಕೆ ಅಧಿಕಾರ ಕೊಟ್ಟವರಾಗಲಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ; ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು ಎಂದೂ ಹೇಳುತ್ತದೆ. ಅಕ್ಕ ಹೊರರೋಗಿಯಾಗಿ ಬಂದು ಹೋದವಳು, ಅಂಥವರ ಕಾಗದಗಳು ಬೇಗ ಮರೆಯಾಗುತ್ತವೆ, ತಡ ಮಾಡಬಾರದು ಎಂದು ವಕೀಲರು ಅವಸರಪಡಿಸಿದರು. ಪತ್ರದಲ್ಲಿ ಏನೇನು ಕೇಳಬೇಕೆಂಬುದು ನಮಗೆ ಹೊಳೆಯುತ್ತಲೇ ಇರಲಿಲ್ಲ. ಬಿಲ್ಲು, ಚೀಟಿಗಳ ಜೊತೆಗೆ ಮ್ಯಾಮೊಗ್ರಾಮಿನ ಮೂಲ ಚಿತ್ರಗಳ ಸಿ.ಡಿ., ರೇಡಿಯಾಲಜಿ ವಿಭಾಗದ ಟೈಪಾದ ವರದಿ, ಆ ವರದಿ ಯಾವ ದಿನ ಯಾವ ಹೊತ್ತಿಗೆ ಸಿದ್ಧವಾಯಿತು ಎಂಬ ನಮೂದು, ನಮ್ಮ ಓಣಿಯ ವೈದ್ಯರು ಬರೆದ ಚೀಟಿಯ ಪ್ರತಿ, ಇಷ್ಟನ್ನೂ ಹೆಸರಿಸಿ ಕೇಳಿದ್ದರು. ಆಸ್ಪತ್ರೆ ಮೊದಲು ಒಂದು ಪುಟದ ಸಾರಾಂಶವನ್ನಷ್ಟೇ ಕಳಿಸಿತು. ಎರಡನೆಯ ಪತ್ರ ಹೋದ ಮೇಲೆ, ಒಟ್ಟು ಒಂಬತ್ತು ದಿನಕ್ಕೆ, ಉಳಿದದ್ದು ಬಂತು.

ಆ ಲಕೋಟೆಯಲ್ಲಿ ನಮ್ಮ ತಿಳಿವಳಿಕೆಯನ್ನೇ ತಲೆಕೆಳಗು ಮಾಡುವ ಎರಡು ಹಾಳೆಗಳಿದ್ದವು. ಒಂದು, ಓಣಿಯ ವೈದ್ಯರ ಚೀಟಿ. ಹತ್ತು ತಿಂಗಳಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದದ್ದು ಅವರನ್ನೇ. ಕೊಬ್ಬಿನ ಗಂಟು ಎಂದ ಮಾತು ಎಲ್ಲರ ಕಿವಿಯಲ್ಲಿ ಉಳಿದಿತ್ತು. ಆದರೆ ಚೀಟಿಯಲ್ಲಿ ಅವರು ಗಟ್ಟಿಯಾದ, ಅಲುಗಾಡದ ಗಂಟು, ಮ್ಯಾಮೊಗ್ರಾಂ ಮಾಡಿ, ಅಗತ್ಯವಿದ್ದರೆ ಬಯಾಪ್ಸಿ ಮಾಡಿ ಎಂದು ಸ್ಪಷ್ಟವಾಗಿ ಬರೆದಿದ್ದರು. ಅಕ್ಕನಿಗೆ ಧೈರ್ಯ ಹೇಳಿದ್ದೇ ಬೇರೆ, ಕಾಗದದಲ್ಲಿ ಬರೆದದ್ದೇ ಬೇರೆ. ಇನ್ನೊಂದು, ರೇಡಿಯಾಲಜಿ ತಜ್ಞರ ಟೈಪಾದ ವರದಿ. ಸುಮಾರು 1.6 ಸೆಂಟಿಮೀಟರಿನ ಗಂಟು, ಕಂಕುಳಿನ ಗ್ರಂಥಿಗಳು ಸಾಮಾನ್ಯ, ಬೈರಾಡ್ಸ್ 4, ಬಯಾಪ್ಸಿ ಮಾಡುವುದು ಸೂಕ್ತ ಎಂದು ಅದರಲ್ಲಿತ್ತು. ಬೈರಾಡ್ಸ್ ಎಂಬುದು ಮ್ಯಾಮೊಗ್ರಾಂ ವರದಿಗಳನ್ನು ಸೊನ್ನೆಯಿಂದ ಆರರವರೆಗೆ ವರ್ಗೀಕರಿಸುವ ಪದ್ಧತಿ. ಮೂರು ಎಂದರೆ ಬಹುಮಟ್ಟಿಗೆ ನಿರಪಾಯ, ಆರು ತಿಂಗಳಲ್ಲಿ ಮತ್ತೆ ನೋಡಿ ಎಂದರ್ಥ, ನಾಲ್ಕು ಎಂದರೆ ಅನುಮಾನವಿದೆ, ತುಣುಕು ತೆಗೆದು ಪರೀಕ್ಷಿಸಿ ಎಂದರ್ಥ. ಈ ವರದಿ ಸಿದ್ಧವಾದದ್ದು ಅಕ್ಕ ಆಸ್ಪತ್ರೆಯಿಂದ ಹೊರಟ ಮಾರನೆಯ ದಿನ ಮಧ್ಯಾಹ್ನ. ಅದನ್ನು ಯಾರೋ ಕಡತಕ್ಕೆ ಸೇರಿಸಿದರು. ಅಕ್ಕನ ಮೊಬೈಲ್ ಸಂಖ್ಯೆ ಅದೇ ಕಡತದ ಮೊದಲ ಪುಟದಲ್ಲಿತ್ತು. ಯಾರೂ ಕರೆ ಮಾಡಲಿಲ್ಲ.

ಅದನ್ನು ಓದಿದ ದಿನ ನಾನು ಎಷ್ಟು ಹೊತ್ತು ಅತ್ತೆನೋ ತಿಳಿಯದು.

ನಿರ್ಲಕ್ಷ್ಯ ಎಂದರೆ ಕಾನೂನಿನಲ್ಲಿ ಏನು ಎಂಬುದನ್ನು ವಕೀಲರು ಈ ಎರಡು ಹಾಳೆಗಳನ್ನೇ ಮುಂದಿಟ್ಟುಕೊಂಡು ವಿವರಿಸಿದರು. ದುಡ್ಡು ಪಡೆದು ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತವೆ ಎಂಬುದು 1995ರ ವಿ.ಪಿ. ಶಾಂತಾ ಪ್ರಕರಣದಿಂದ ಇತ್ಯರ್ಥವಾಗಿದೆ. ಆದರೆ ಫಲ ಕೆಟ್ಟದ್ದಾಯಿತು ಎಂಬುದೊಂದೇ ನಿರ್ಲಕ್ಷ್ಯವಾಗುವುದಿಲ್ಲ. ಇಂಗ್ಲೆಂಡಿನ 1957ರ ಬೋಲಂ ಪ್ರಕರಣದ ಅಳತೆಗೋಲನ್ನೇ ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿಯೂ ಹಿಡಿಯಿತು: ಅದೇ ವಿದ್ಯೆಯ ಒಬ್ಬ ಸಾಧಾರಣ ಸಮರ್ಥ ವೈದ್ಯ ಆ ಸಂದರ್ಭದಲ್ಲಿ ಹೀಗೆ ನಡೆದುಕೊಳ್ಳುತ್ತಿದ್ದನೇ ಎಂದು ನೋಡಬೇಕು. ಫಿಲ್ಮನ್ನು ನೋಡಿದ ವೈದ್ಯರ ಕಣ್ಣಿಗೆ ಗಂಟು ನಿರಪಾಯವಾಗಿ ಕಂಡಿದ್ದರೆ ಅದನ್ನು ತೀರ್ಮಾನದ ತಪ್ಪು ಎಂದು ಅವರು ಸಮರ್ಥಿಸಿಕೊಳ್ಳಬಹುದು, ಇಬ್ಬರು ವೈದ್ಯರ ಅಭಿಪ್ರಾಯ ಬೇರೆಯಾಗುವುದು ಅಪರಾಧವಲ್ಲ. ಆದರೆ ಸ್ವಂತ ಆಸ್ಪತ್ರೆಯ ತಜ್ಞರು ಬಯಾಪ್ಸಿ ಮಾಡಿ ಎಂದು ಬರೆದ ವರದಿಯನ್ನು ಓದದೆ, ಓದುವ ವ್ಯವಸ್ಥೆಯನ್ನೂ ಮಾಡದೆ, ರೋಗಿಗೆ ತಿಳಿಸದೆ ಬಿಟ್ಟದ್ದು ತೀರ್ಮಾನವೇ ಅಲ್ಲ. ಅಲ್ಲಿ ಯಾರೂ ಏನನ್ನೂ ತೀರ್ಮಾನಿಸಿಯೇ ಇಲ್ಲ. ಆದ್ದರಿಂದ ದೂರಿನ ಮುಖ ಓಣಿಯ ವೈದ್ಯರ ಕಡೆಗಲ್ಲ, ಫಿಲ್ಮ್ ನೋಡಿದವರ ಕಡೆಗೂ ಅಷ್ಟಾಗಿ ಅಲ್ಲ, ಆಸ್ಪತ್ರೆಯ ಕಡೆಗೆ ತಿರುಗಬೇಕು ಎಂಬುದು ಅವರ ವಾದ. ನಮ್ಮ ಸಿಟ್ಟು ಯಾರ ಮೇಲಿತ್ತೋ ಅವರ ಮೇಲೆಯೇ ದೂರು ಹಾಕಿದ್ದರೆ ನಾವು ಸೋಲುವುದಷ್ಟೇ ಅಲ್ಲ, ಒಬ್ಬ ಒಳ್ಳೆಯ ಮನುಷ್ಯನಿಗೆ ಅನ್ಯಾಯವನ್ನೂ ಮಾಡುತ್ತಿದ್ದೆವು.

ಪೊಲೀಸರಿಗೆ ದೂರು ಕೊಡುವ ನನ್ನ ಆಲೋಚನೆಯನ್ನು ಅವರು ಬಿಡಿಸಿದರು. ಕ್ರಿಮಿನಲ್ ಹೊಣೆಗೆ ಘೋರ ಎನ್ನುವಷ್ಟು ನಿರ್ಲಕ್ಷ್ಯ ಬೇಕು ಎಂದು ಅದೇ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವ ದಾರಿ ತೆರೆದೇ ಇದೆ, ಆದರೆ ಅಲ್ಲಿ ವೈದ್ಯರ ಮೇಲೆ ಶಿಸ್ತುಕ್ರಮವಾಗಬಹುದೇ ಹೊರತು ಪರಿಹಾರ ಸಿಗುವುದಿಲ್ಲ.

ಈ ಸೇವೆಗೆ ನಾವು ಕೊಟ್ಟ ಹಣ ಸಾರ್ಥಕವಾದದ್ದು ಇದಕ್ಕಿಂತ ಮುಂದಿನ ಹಂತದಲ್ಲಿ. ತಪ್ಪು ನಡೆದಿದೆ ಎಂದು ಕಂಡ ಕೂಡಲೇ ಪ್ರಕರಣ ಗೆದ್ದಂತೆಯೇ ಎಂದು ನಾನು ತಿಳಿದಿದ್ದೆ. ವಕೀಲರು ಕಡತ ಮುಚ್ಚಿಟ್ಟು ಅಕ್ಕನ ಕಡೆಗೆ ತಿರುಗಿ, “ಅಕ್ಕಾರ, ಆ ಹತ್ತು ತಿಂಗಳು ಹಾಳಾಗದಿದ್ದರ ನಿಮಗ ಏನು ಬ್ಯಾರೆ ಆಗ್ತಿತ್ತು? ಅದನ್ನ ಅಷ್ಟ ನಾವು ಅಲ್ಲಿ ತೋರಸಬೇಕಾಗ್ತದ,” ಎಂದು ಕೇಳಿದರು. ಅಕ್ಕ ಉತ್ತರ ಕೊಡಲಿಲ್ಲ. ನಾನು, ಬದುಕುವ ಅವಕಾಶ ಹೆಚ್ಚಿರುತ್ತಿತ್ತು ಎಂದೆ. ಅದನ್ನೇ ನಂಬಿಕೊಂಡು ಹೋದರೆ ಎಷ್ಟು ಕಷ್ಟವಿದೆ ಎಂಬುದಕ್ಕೆ ಅವರು 2005ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ನಿರ್ಣಯಿಸಿದ ಗ್ರೆಗ್ ಮತ್ತು ಸ್ಕಾಟ್ ಪ್ರಕರಣವನ್ನು ಹೇಳಿದರು. ಕಂಕುಳಿನ ಗಂಟನ್ನು ವೈದ್ಯರು ನಿರಪಾಯವೆಂದು ಬಿಟ್ಟಿದ್ದರಿಂದ ಲಿಂಫೋಮಾ ಎಂಬ ಕ್ಯಾನ್ಸರ್ ಪತ್ತೆಯಾಗುವುದು ಒಂಬತ್ತು ತಿಂಗಳು ತಡವಾಗಿ, ರೋಗಿ ಗುಣವಾಗುವ ಸಾಧ್ಯತೆ ಶೇಕಡಾ 42ರಿಂದ 25ಕ್ಕೆ ಇಳಿದಿತ್ತು. ವೈದ್ಯರ ತಪ್ಪು ಸಾಬೀತಾಗಿತ್ತು. ಆದರೂ, ಮೊದಲೇ ಪತ್ತೆಯಾಗಿದ್ದರೂ ಗುಣವಾಗುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯೇ ಇತ್ತು ಎಂಬ ಕಾರಣಕ್ಕೆ ಮೂವರು ನ್ಯಾಯಮೂರ್ತಿಗಳು ಆತನ ವಿರುದ್ಧವಾಗಿಯೂ ಇಬ್ಬರು ಪರವಾಗಿಯೂ ನಿಂತು, ಆತ ಸೋತ. ಆ ತೀರ್ಪು ನಮ್ಮ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಎದುರು ಪಕ್ಷದವರು ಅದೇ ಬಗೆಯ ಲೆಕ್ಕವನ್ನು ತಂದು ನಿಲ್ಲಿಸುತ್ತಾರೆ ಎಂದರು. ಅದಲ್ಲದೆ, ಚಿಕಿತ್ಸೆಗೆ ಒಳ್ಳೆಯ ರೀತಿಯಲ್ಲಿ ಸ್ಪಂದಿಸಿರುವ ಅಕ್ಕ ತನಗೆ ಬದುಕು ಕಡಿಮೆಯಾಗಿದೆ ಎಂದು ತಾನೇ ಪ್ರತಿ ವಿಚಾರಣೆಯಲ್ಲೂ ವಾದಿಸಿಕೊಂಡು ಕೂರಬೇಕಾಗುತ್ತದೆ. ಆ ಮಾತು ನನಗೆ ಆಗ ಕಠಿಣವೆನಿಸಿತು, ಈಗ ಅದರಲ್ಲಿದ್ದ ಕಾಳಜಿ ಕಾಣುತ್ತದೆ.

ಅವರ ಜೊತೆ ಕೆಲಸ ಮಾಡುವ ಒಬ್ಬ ನಿವೃತ್ತ ಶಸ್ತ್ರಚಿಕಿತ್ಸಕರು ಅಲ್ಲಿಯೇ ಇದ್ದರು. ಅವರು ಅಕ್ಕನ ಬಲಗೈಯನ್ನು ನೋಡುತ್ತಿದ್ದರು. ಆ ಕೈಗೆ ಮೊಣಕೈ ಕೆಳಗೆ ಬಾವು ಬಂದಿತ್ತು. ಕಂಕುಳಿನ ಗ್ರಂಥಿಗಳಿಗೆ ರೋಗ ಹರಡಿದ್ದರಿಂದ ಅವುಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕಾಯಿತು. ಹಾಗೆ ತೆಗೆದಾಗ ಕೈಯಿಂದ ದುಗ್ಧರಸ ಹರಿದುಹೋಗುವ ದಾರಿ ಕೆಟ್ಟು, ಕೆಲವರಿಗೆ ಕೈ ಊದಿಕೊಳ್ಳುತ್ತದೆ ಮತ್ತು ಆ ಬಾವು ಬಹುಪಾಲು ಉಳಿದೇಬಿಡುತ್ತದೆ. ಮೊದಲ ಸ್ಕ್ಯಾನಿನ ಹೊತ್ತಿಗೆ ಗ್ರಂಥಿಗಳು ಸಾಮಾನ್ಯವಾಗಿದ್ದವು ಎಂದು ಆಸ್ಪತ್ರೆಯ ವರದಿಯೇ ಹೇಳುತ್ತದೆ. ಆಗಲೇ ಪತ್ತೆಯಾಗಿದ್ದರೆ ಒಂದೆರಡು ಗ್ರಂಥಿಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಹಾಗೆಯೇ ಬಿಡುವ ಶಸ್ತ್ರಚಿಕಿತ್ಸೆ ಸಾಕಾಗುತ್ತಿತ್ತು, ಹೆಚ್ಚಿನಂಶ ಎದೆಯನ್ನೂ ಉಳಿಸಿಕೊಳ್ಳಬಹುದಿತ್ತು. “ಹೊಲಿಗಿ ಯಾವ ಕೈಲೆ ಮಾಡ್ತೀರಿ, ತಾಯಿ?” ಎಂದು ಅವರು ಕೇಳಿದರು. ಅಕ್ಕ ಬಲಗೈಯನ್ನು ಮೇಜಿನ ಮೇಲೆ ಇಟ್ಟಳು. ಅರ್ಧ ಗಂಟೆ ಬಟ್ಟೆ ಕತ್ತರಿಸಿದರೆ ಬೆರಳು ಬಿಗಿದುಕೊಳ್ಳುತ್ತವೆ, ಮದುವೆ ಸೀಸನ್ನಿನ ರವಿಕೆಗಳನ್ನೆಲ್ಲ ವಾಪಸು ಕಳಿಸುತ್ತಿದ್ದೇನೆ ಎಂದು ಅವಳು ಹೇಳಿದ್ದು ನನಗೂ ಅವತ್ತೇ ಗೊತ್ತಾದದ್ದು.

ಹೀಗೆ, ನಾನು ಸಾವು ಬದುಕಿನ ಪ್ರಶ್ನೆ ಎಂದುಕೊಂಡು ಒಯ್ದದ್ದು ಆ ಮೇಜಿನ ಮೇಲೆ ಒಂದು ಕೈಯ, ಒಂದು ಅಂಗಡಿಯ ಪ್ರಶ್ನೆಯಾಯಿತು. ಅಂಗಡಿಯ ಮೂರು ವರ್ಷದ ಆರ್ಡರ್ ಪುಸ್ತಕಗಳನ್ನು ಅವರು ತರಿಸಿಕೊಂಡರು. ಹೆಚ್ಚುವರಿ ಚಿಕಿತ್ಸೆಯ ವೆಚ್ಚ, ಕೈಗೆ ಹಾಕುವ ಬಿಗಿ ತೋಳಿನ ಖರ್ಚು, ನಿಂತುಹೋದ ಗಳಿಕೆ, ಅನುಭವಿಸಿದ ನೋವು ಎಂದು ಪರಿಹಾರವನ್ನು ಬಿಡಿಸಿ ಲೆಕ್ಕ ಹಾಕಿದರು. ಕೋಟಿಯ ಮಾತು ಬರಲಿಲ್ಲ. ನಾನೇ ಆರು ಕೋಟಿ ಪರಿಹಾರದ ಕುನಾಲ್ ಸಾಹಾ ಪ್ರಕರಣವನ್ನು ಎತ್ತಿದಾಗ, ಸಾಹಾ ಸ್ವತಃ ವೈದ್ಯರು, ಅವರ ಪತ್ನಿ ತೀರಿಕೊಂಡದ್ದು 1998ರಲ್ಲಿ, ಸುಪ್ರೀಂ ಕೋರ್ಟಿನ ಕೊನೆಯ ತೀರ್ಪು ಬಂದದ್ದು 2013ರಲ್ಲಿ ಎಂದಷ್ಟೇ ಹೇಳಿದರು. ನಮ್ಮಂಥ ಪ್ರಕರಣಕ್ಕೆ ಹೆಚ್ಚು ಹತ್ತಿರವಾದದ್ದು, ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕಣ್ಣನ್ನು ತಪಾಸಣೆ ಮಾಡದೆ ಬಿಟ್ಟು ಮಗು ದೃಷ್ಟಿ ಕಳೆದುಕೊಂಡ ದೆಹಲಿಯ ಪ್ರಕರಣ. ಅದರಲ್ಲಿ 2019ರಲ್ಲಿ 76 ಲಕ್ಷ ರೂಪಾಯಿ ಪರಿಹಾರವಾಯಿತು. ಮಾಡಲೇಬೇಕಾದ ಪರೀಕ್ಷೆಯನ್ನು ಮಾಡದೆ ಬಿಟ್ಟದ್ದೇ ಅಲ್ಲಿಯೂ ಮುಖ್ಯವಾಗಿತ್ತು.

ಕಾಲಮಿತಿಯ ವಿಷಯದಲ್ಲಿ ಅವರ ಎಚ್ಚರಿಕೆಯನ್ನು ಮೆಚ್ಚಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ತಪ್ಪು ತಿಳಿದ ದಿನದಿಂದ ಲೆಕ್ಕ ಹಿಡಿಯುವ ವಾದವನ್ನು 2010ರ ಶ್ರೀಖಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಗಣಿಸಿದ್ದು ಹೌದು. ಆದರೆ ಅದೇ ಪ್ರಕರಣದಲ್ಲಿ, 1993ರ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದು ವರ್ಷಾನುಗಟ್ಟಲೆ ನೋವು ತಿಂದ ನರ್ಸ್ ಒಬ್ಬರು, ಒಂಬತ್ತು ವರ್ಷ ಸುಮ್ಮನಿದ್ದ ಕಾರಣಕ್ಕೆ, ಕಾಲ ಮೀರಿತೆಂದು ಬರಿಗೈಯಲ್ಲಿ ಮರಳಬೇಕಾಯಿತು. ಆದ್ದರಿಂದ ಜನವರಿಯ ಬಯಾಪ್ಸಿಯಿಂದಲ್ಲ, ಮಾರ್ಚಿನ ಮ್ಯಾಮೊಗ್ರಾಮಿನಿಂದಲೇ ಎಣಿಸಿ, 2025ರ ಮಾರ್ಚನ್ನೇ ಕೊನೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದರು. ದೂರನ್ನು ನಾವು ವಾಸವಿರುವ ಗದಗಿನ ಜಿಲ್ಲಾ ಆಯೋಗದಲ್ಲಿಯೇ ಕೊಡಬಹುದು, ಆಸ್ಪತ್ರೆಗೆ ಕೊಟ್ಟ ಮೊತ್ತ ಐದು ಲಕ್ಷಕ್ಕಿಂತ ಕಡಿಮೆಯಿರುವುದರಿಂದ ಶುಲ್ಕವೂ ಇಲ್ಲ ಎಂಬುದು ನಮಗೆ ಹೊಸ ವಿಷಯ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ನನ್ನ ಶುಲ್ಕ ಭಾರವೆನಿಸಿದರೆ 15100ಕ್ಕೆ ಕರೆ ಮಾಡಿ ಎಂದೂ ಅವರೇ ಹೇಳಿದರು. ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯಿದೆಯಲ್ಲಿ ಬರೆದಿದ್ದರೂ ವರ್ಷಗಳಿಗೆ ಸಿದ್ಧವಾಗಿರಿ ಎಂದು ಹೇಳುವುದನ್ನೂ ಮರೆಯಲಿಲ್ಲ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ತಜ್ಞರ ಲಿಖಿತ ಅಭಿಪ್ರಾಯ ಮೂರು ವಾರದಲ್ಲಿ ಬರುತ್ತದೆ ಎಂದಿದ್ದರು, ಏಳು ವಾರ ಹಿಡಿಯಿತು. ನಡುವೆ ನಾವಾಗಿಯೇ ಕರೆ ಮಾಡದಿದ್ದರೆ ಯಾರೂ ಮಾಹಿತಿ ಕೊಡುತ್ತಿರಲಿಲ್ಲ. ವರದಿಯ ವಿಷಯದಲ್ಲಿ ಒಂದು ಕರೆ ಬಾರದೆ ನೊಂದವರಿಗೆ ಆ ಮೌನ ಎಷ್ಟು ಹಿಂಸೆ ಎಂಬುದನ್ನು ಇಂಥ ಕಚೇರಿ ತಿಳಿದಿರಬೇಕಿತ್ತು. ಕಚೇರಿ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ರೇಡಿಯೇಶನ್ ಮುಗಿಸಿ ಬಂದ ಅಕ್ಕ ಮೆಟ್ಟಿಲ ನಡುವೆ ಎರಡು ಸಲ ಕುಳಿತಳು. ಇನ್ನೊಂದು ಮುಖ್ಯ ಆಕ್ಷೇಪ: ಹದಿನಾಲ್ಕು ಪುಟದ ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ದೂರು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಅಕ್ಕ. ಅವಳಿಗೆ ಓದಲಾಗದ ಭಾಷೆಯಲ್ಲಿ ಅವಳ ದೇಹದ ಬಗ್ಗೆ ಬರೆದು ಕೊಟ್ಟರೆ, ತೀರ್ಮಾನ ಮತ್ತೆ ನನ್ನಂಥ ಇಂಗ್ಲಿಷ್ ಬಲ್ಲವರ ಕೈಗೆ ಹೋಗುತ್ತದೆ. ಇದನ್ನು ನೇರವಾಗಿ ಹೇಳಿದೆ. ಅವರು ಒಪ್ಪಿಕೊಂಡು ನಾಲ್ಕು ಪುಟದ ಕನ್ನಡ ಸಾರಾಂಶವನ್ನು ಹೆಚ್ಚಿನ ಶುಲ್ಕವಿಲ್ಲದೆ ಮಾಡಿಕೊಟ್ಟರು, ಆದರೆ ಅದು ಕೇಳದೆಯೇ ಬರಬೇಕಾದದ್ದು.

ಆ ನಾಲ್ಕು ಪುಟಗಳನ್ನು ಅಕ್ಕ ಅಂಗಡಿಯಲ್ಲಿ ಇಟ್ಟುಕೊಂಡು ಒಂದು ತಿಂಗಳು ಓದಿದಳು. ಭಾವನಿಗೆ ದೂರು ಬೇಡವಾಗಿತ್ತು, ಆದದ್ದಾಯಿತು, ಕೋರ್ಟು ಅಲೆದು ಆರೋಗ್ಯ ಕೆಡಿಸಿಕೊಳ್ಳಬೇಡ ಎನ್ನುತ್ತಿದ್ದರು. ನನಗೆ ಬೇಕಾಗಿತ್ತು. ನಾವಿಬ್ಬರೂ ಅವಳ ಎದುರಿಗೇ ವಾದಿಸಿದ ದಿನಗಳೂ ಇವೆ. ವಕೀಲರು ಮಾತ್ರ ಒಮ್ಮೆಯೂ ಹೂಡಿ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾನು ಒತ್ತಾಯಿಸಿ ಕೇಳಿದಾಗ, ನಿಮ್ಮ ಅಕ್ಕನವರೇ ಬಂದು ಹೇಳಲಿ ಎಂದು ಫೋನಿಟ್ಟರು. ಜನವರಿಯ ಕೊನೆಯ ವಾರ ಅಕ್ಕ ಮೊದಲು ಓಣಿಯ ವೈದ್ಯರ ದವಾಖಾನೆಗೆ ಹೋಗಿ, ಅವರು ಬರೆದ ಚೀಟಿಯನ್ನು ನೋಡಿದೆನೆಂದು ಹೇಳಿ ಬಂದಳು. ಮಾರನೆಯ ದಿನ ಧಾರವಾಡಕ್ಕೆ ಹೋಗೋಣ ಎಂದಳು.

ದೂರಿನ ಕರಡು ಫೆಬ್ರವರಿಯಲ್ಲಿ ಸಿದ್ಧವಾಯಿತು. ಈ ಸಲ ವಕೀಲರು ಅದನ್ನು ಕೆಳಗಿಳಿದು ಬಂದು, ನೆಲಮಹಡಿಯ ಜೆರಾಕ್ಸ್ ಅಂಗಡಿಯವರ ಬೆಂಚಿನ ಮೇಲೆ ಕುಳಿತು, ಒಂದೊಂದೇ ಪ್ಯಾರಾ ಕನ್ನಡದಲ್ಲಿ ಓದಿ ಹೇಳಿದರು. ಹನ್ನೊಂದನೆಯ ಪ್ಯಾರಾದಲ್ಲಿ ದೂರುದಾರರು ಬದುಕಿನ ಆಸೆಯನ್ನೇ ಕಳೆದುಕೊಂಡಿದ್ದಾರೆ ಎಂಬ ವಾಕ್ಯವಿತ್ತು. ಅಕ್ಕ ಕೈ ಅಡ್ಡ ಹಿಡಿದು ನಿಲ್ಲಿಸಿದಳು. “ಹಂಗೇನಿಲ್ರೀ ಸಾಹೇಬ್ರ. ಅದನ್ನ ತಗೀರಿ. ಹೊಲಿಗಿ ಆಗವಲ್ದು, ಅಷ್ಟ ಬರೀರಿ.” ಅವರು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು; ಅಕ್ಕ ವಕಾಲತ್ತಿಗೆ ಸಹಿ ಮಾಡಿದಳು.